ಕುತ್ತಿಗೆಯ ಲೆಕ್ಕ, ಮಣಿಕಟ್ಟಿನ ಲೆಕ್ಕ

ನಾಡಿ ಸದಾ ನಿಧಾನವಾಗಿಯೇ ಇರುವ ಕೆಲವು ರೋಗಿಗಳ ಬಗ್ಗೆ ಡಬ್ಲಿನ್ ನಗರದ ವೈದ್ಯ ವಿಲಿಯಂ ಸ್ಟೋಕ್ಸ್ 1846ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರಲ್ಲೊಬ್ಬನಿಗೆ 68 ವರ್ಷ. ಅವನ ನಾಡಿ ನಿಮಿಷಕ್ಕೆ 28 ಬಾರಿ ಮಾತ್ರ ಮಿಡಿಯುತ್ತಿತ್ತು. ಆಗಾಗ ಎಚ್ಚರ ತಪ್ಪುತ್ತಿತ್ತು. ಇದಕ್ಕೆ ಆ ವೃದ್ಧ ತಾನೇ ಒಂದು ಉಪಾಯ ಕಂಡುಕೊಂಡಿದ್ದ. ಎಚ್ಚರ ತಪ್ಪುವ ಸೂಚನೆ ಸಿಕ್ಕ ಕೂಡಲೇ ಅಂಬೆಗಾಲಿಡುವ ಮಗುವಿನಂತೆ ಕೈ, ಮಂಡಿ ಊರಿ ತಲೆಯನ್ನು ಕೆಳಕ್ಕೆ ಬಾಗಿಸಿಬಿಡುತ್ತಿದ್ದ. ಹಾಗೆ ಮಾಡಿದರೆ ಬರಲಿದ್ದದ್ದು ಬಾರದೆ ದಾಟಿಹೋಗುತ್ತಿತ್ತು.

ಸ್ಟೋಕ್ಸ್ ಇನ್ನೂ ಒಂದು ವಿಷಯ ಗಮನಿಸಿದರು. ರೋಗಿಯ ಕುತ್ತಿಗೆಯ ಅಭಿಧಮನಿಯೂ ಅದುರುತ್ತಿತ್ತು. ಅದರ ಅದುರಾಟವನ್ನು ಎಣಿಸಿದರೆ ಹೃದಯದ ಬಡಿತದ ಎರಡು ಪಟ್ಟಿಗಿಂತ ಹೆಚ್ಚಾಗುತ್ತಿತ್ತು. ದೇಹ ಒಂದು, ಹೃದಯ ಒಂದು, ಆದರೆ ಕುತ್ತಿಗೆಯ ಲೆಕ್ಕ ಬೇರೆ, ಮಣಿಕಟ್ಟಿನ ಲೆಕ್ಕ ಬೇರೆ. ಕಂಡದ್ದನ್ನು ಸ್ಟೋಕ್ಸ್ ಕಂಡ ಹಾಗೆಯೇ ಬರೆದಿಟ್ಟರು. ಆ ಎರಡು ಲೆಕ್ಕಗಳ ನಡುವೆ ಏನು ಕಳೆದುಹೋಗುತ್ತಿದೆ ಎಂದು ತಿಳಿಯಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆ ತೊಂದರೆಗೆ ಇಂದು ಇರುವ ಹೆಸರು ಹಾರ್ಟ್ ಬ್ಲಾಕ್.

ಈ ಹೆಸರು ಕನ್ನಡದ ಕಿವಿಗೆ ಬೇರೆಯೇ ಅರ್ಥ ಕೊಡುತ್ತದೆ. ಊರಿನಿಂದ ಫೋನ್ ಬಂದು "ಅಪ್ಪನಿಗೆ ಹಾರ್ಟ್‌ನಲ್ಲಿ ಬ್ಲಾಕ್ ಇದೆಯಂತೆ" ಎಂದರೆ, ಪುಣೆಯಲ್ಲಿರಲಿ ದೆಹಲಿಯಲ್ಲಿರಲಿ, ಕೇಳಿದವರ ಮನಸ್ಸಿಗೆ ಮೊದಲು ಬರುವುದು ಕೊಬ್ಬು ಕಟ್ಟಿಕೊಂಡ ರಕ್ತನಾಳ, ಆಂಜಿಯೋಪ್ಲಾಸ್ಟಿ, ಸ್ಟೆಂಟ್. "ಎರಡು ಬ್ಲಾಕ್, ಮೂರು ಬ್ಲಾಕ್" ಎಂದು ಲೆಕ್ಕ ಹಾಕುವುದೂ ಆ ಅಡಚಣೆಗಳನ್ನೇ. ಆದರೆ ವೈದ್ಯಶಾಸ್ತ್ರದ ಹಾರ್ಟ್ ಬ್ಲಾಕ್‌ನಲ್ಲಿ ಕಟ್ಟಿಕೊಂಡಿರುವುದು ರಕ್ತವಲ್ಲ, ಸಂದೇಶ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗಬೇಕಾದ ವಿದ್ಯುತ್ ಸಂಜ್ಞೆ ತಡವಾಗಿ ತಲುಪುತ್ತದೆ, ಕೆಲವೊಮ್ಮೆ ತಲುಪುತ್ತದೆ ಕೆಲವೊಮ್ಮೆ ಇಲ್ಲ, ಅಥವಾ ತಲುಪುವುದೇ ಇಲ್ಲ. ರಕ್ತನಾಳಗಳೆಲ್ಲ ಸ್ವಚ್ಛವಾಗಿದ್ದರೂ ಹೀಗಾಗಬಹುದು. ಇದಕ್ಕೆ ಸ್ಟೆಂಟ್ ಮದ್ದಲ್ಲ.

ಮೂರ್ಛೆ ಎಂಬ ಒಂದೇ ಪದ

ನಾಡಿ ನಿಧಾನವಾದವರು ಎಚ್ಚರ ತಪ್ಪುವುದನ್ನು ಯುರೋಪಿನ ವೈದ್ಯರು ಬಹಳ ಹಿಂದೆಯೇ ಕಂಡಿದ್ದರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಇಂದಿನ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿದ್ದ ಮಾರ್ಕೊ ಗೆರ್ಬೆಟ್ಸ್ ಒಬ್ಬ ರೋಗಿಯ ಬಗ್ಗೆ ಬರೆದರು. ಆರೋಗ್ಯವಂತನ ನಾಡಿ ಮೂರು ಸಲ ಮಿಡಿಯುವ ಹೊತ್ತಿಗೆ ಆ ರೋಗಿಯದು ಒಮ್ಮೆ ಮಿಡಿಯುತ್ತಿತ್ತು. 1761ರಲ್ಲಿ ಪಾದುವಾದ ಜೊವಾನ್ನಿ ಬತ್ತಿಸ್ತಾ ಮೊರ್ಗಾನಿ ತಮ್ಮ ಮಹಾಗ್ರಂಥದಲ್ಲಿ ಇಂಥದೇ ರೋಗಿಗಳನ್ನು ವರ್ಣಿಸಿದರು. ಅವರು ಅದನ್ನು ಕಂಡದ್ದು ನಿಧಾನ ನಾಡಿಯೊಂದಿಗೆ ಬರುವ ಅಪಸ್ಮಾರ ಎಂದು. 1792ರಲ್ಲಿ ಎಡಿನ್‌ಬರೊದ ಥಾಮಸ್ ಸ್ಪೆನ್ಸ್ ಕೂಲಿ ಕಾರ್ಮಿಕನೊಬ್ಬನ ನಾಡಿ ಹಿಡಿದಾಗ ನಿಮಿಷಕ್ಕೆ 24 ಬಡಿತ ಸಿಕ್ಕಿತು. ಅದು ಇನ್ನೂ ಇಳಿಯುತ್ತಾ ಹೋಗಿ ಆತ ತೀರಿಕೊಂಡ.

ಎಚ್ಚರ ತಪ್ಪಿ ಬಿದ್ದು ಕೈಕಾಲು ಅದುರಿಸಿದರೆ ತೊಂದರೆ ತಲೆಯದ್ದೇ ಎಂಬುದು ಆ ಕಾಲದ ಸಾಮಾನ್ಯ ತಿಳಿವಳಿಕೆ. ಹಠಾತ್ತನೆ ಕುಸಿದು ಬಿದ್ದವರಿಗೆಲ್ಲ ಮಿದುಳಿನ ಆಘಾತ ಎಂದು ಹೆಸರಿಟ್ಟು, ರಕ್ತ ಹರಿಸಿ ತೆಗೆಯುವುದು ಬಳಕೆಯ ಚಿಕಿತ್ಸೆಯಾಗಿತ್ತು. ಹೃದಯ ನಿಮಿಷಕ್ಕೆ ಮೂವತ್ತೇ ಸಲ ರಕ್ತ ಒತ್ತುತ್ತಿರುವ ಮನುಷ್ಯನ ಮೈಯಿಂದ ಇನ್ನಷ್ಟು ರಕ್ತ ತೆಗೆದರೆ ಏನಾದೀತು ಎಂದು ಇಂದು ಊಹಿಸುವುದು ಕಷ್ಟವಲ್ಲ.

ತೊಂದರೆಯನ್ನು ತಲೆಯಿಂದ ಎದೆಗೆ ಇಳಿಸಿದವರು ಡಬ್ಲಿನ್‌ನವರೇ ಆದ ರಾಬರ್ಟ್ ಆಡಮ್ಸ್. ಅವರು 1827ರಲ್ಲಿ ಬರೆದದ್ದು ಸುಂಕದ ಇಲಾಖೆಯ ಒಬ್ಬ ಅಧಿಕಾರಿಯ ಬಗ್ಗೆ. ಆತನಿಗೂ 68 ವರ್ಷ, ನಾಡಿ ನಿಮಿಷಕ್ಕೆ 30. ಏಳು ವರ್ಷಗಳಲ್ಲಿ ಸುಮಾರು ಇಪ್ಪತ್ತು ಸಲ ಮಿದುಳಿನ ಆಘಾತವಾಗಿತ್ತು ಎಂದು ಹೇಳಲಾಗುತ್ತಿತ್ತು. ಆಡಮ್ಸ್ ಅವರ ಗಮನ ಹೋದದ್ದು ಆತನಿಗೆ ಆಗದೇ ಇದ್ದುದರ ಕಡೆಗೆ. ಇಪ್ಪತ್ತು ಆಘಾತದ ನಂತರವೂ ಆತನ ಕೈಯಾಗಲೀ ಕಾಲಾಗಲೀ ಸ್ವಾಧೀನ ತಪ್ಪಿರಲಿಲ್ಲ, ಲಕ್ವದ ಗುರುತೇ ಇರಲಿಲ್ಲ. ಮಿದುಳಿಗೆ ನಿಜವಾಗಿಯೂ ಪೆಟ್ಟಾಗಿದ್ದರೆ ಇದು ಹೇಗೆ ಸಾಧ್ಯ? ಹಾಗಾದರೆ ಮೂಲ ಕಾಯಿಲೆ ಹೃದಯದ್ದು, ಮಿದುಳು ಅದರ ಪರಿಣಾಮವನ್ನು ಅನುಭವಿಸುತ್ತಿದೆ ಅಷ್ಟೇ ಎಂದು ಆಡಮ್ಸ್ ವಾದಿಸಿದರು. ಸ್ಟೋಕ್ಸ್ ಅದೇ ದಾರಿಯಲ್ಲಿ ಮುಂದೆ ಹೋದರು. ಹೃದಯ ತಡೆದು ಎಚ್ಚರ ತಪ್ಪುವುದನ್ನು ಇಂದಿಗೂ ಸ್ಟೋಕ್ಸ್-ಆಡಮ್ಸ್ ಆಘಾತ ಎನ್ನುತ್ತಾರೆ.

ಈ ಗೊಂದಲ ಯುರೋಪಿನದು ಮಾತ್ರವಲ್ಲ, ಕನ್ನಡದ ಒಳಗೂ ಕುಳಿತಿದೆ. ಎಚ್ಚರ ತಪ್ಪುವುದಕ್ಕೂ ಮೂರ್ಛೆ, ಅಪಸ್ಮಾರಕ್ಕೂ ಮೂರ್ಛೆರೋಗ. ಬಿದ್ದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮ ಊರುಗಳಲ್ಲಿ ಎಲ್ಲರೂ ಕಂಡ ದೃಶ್ಯ. ಎರಡು ನಿಮಿಷದಲ್ಲಿ ಬಿದ್ದವರು ಎದ್ದು ಕೂರುತ್ತಾರೆ, ಬೀಗದ ಕೈಗೆ ಹೆಸರು ಬರುತ್ತದೆ. ಆ ಎರಡು ನಿಮಿಷದಲ್ಲಿ ಮಣಿಕಟ್ಟು ಹಿಡಿದು ಎಣಿಸಿದವರು ಮಾತ್ರ ಕಡಿಮೆ.

ಜೆಲ್ಲಿಫಿಶ್‌ನಿಂದ ಬಂದ ಪದ

ಬ್ಲಾಕ್ ಎಂಬ ಪದ ಹೃದಯಕ್ಕೆ ಬಂದದ್ದು ಸಮುದ್ರದ ಕಡೆಯಿಂದ. 1870ರ ದಶಕದಲ್ಲಿ ಜಾರ್ಜ್ ರೊಮೇನ್ಸ್ ಎಂಬ ಜೀವವಿಜ್ಞಾನಿ ಜೆಲ್ಲಿಫಿಶ್‌ಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಕೊಡೆಯಾಕಾರದ ಆ ಮೈಯಲ್ಲಿ ಸಂಕೋಚನ ಅಲೆಯಂತೆ ಹರಿಯುತ್ತದೆ. ಮೈಯನ್ನು ಅಲ್ಲಲ್ಲಿ ಕೊಯ್ದು ದಾರಿಯನ್ನು ಕಿರಿದು ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಅಲೆ ಮುಂದಕ್ಕೆ ಹೋಗದೆ ನಿಂತುಬಿಡುತ್ತದೆ. ಇದನ್ನು ರೊಮೇನ್ಸ್ ಬ್ಲಾಕ್ ಎಂದು ಕರೆದರು.

ಆ ಪದವನ್ನು ಕೇಂಬ್ರಿಜ್‌ನ ವಾಲ್ಟರ್ ಗ್ಯಾಸ್ಕೆಲ್ ಎತ್ತಿಕೊಂಡರು. ಹೃದಯದ ಬಡಿತ ನರಗಳಿಂದ ಹುಟ್ಟುತ್ತದೆಯೋ ಸ್ನಾಯುವಿನಲ್ಲೇ ಹುಟ್ಟುತ್ತದೆಯೋ ಎಂಬುದು ಆಗಿನ ದೊಡ್ಡ ಜಗಳ. ಗ್ಯಾಸ್ಕೆಲ್ ಆಮೆಯ ಹೃದಯವನ್ನು ಆರಿಸಿಕೊಂಡರು. ಅದು ನಿಧಾನವಾಗಿ ಬಡಿಯುತ್ತದೆ, ಹೊರತೆಗೆದ ಮೇಲೂ ಬಹಳ ಹೊತ್ತು ಬಡಿಯುತ್ತಿರುತ್ತದೆ. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಅವರು ಒಂದು ಕ್ಲ್ಯಾಂಪ್ ಹಾಕಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಮೊದಲು ಎರಡೂ ಒಂದರ ಹಿಂದೆ ಒಂದು ಸರಿಯಾಗಿ ಬಡಿಯುತ್ತಿದ್ದವು. ಬಿಗಿದಂತೆ, ಮೇಲಿನದು ಎರಡು ಸಲ ಬಡಿದರೆ ಕೆಳಗಿನದು ಒಂದು ಸಲ ಬಡಿಯಿತು. ಪೂರ್ತಿ ಬಿಗಿದಾಗ ನಂಟೇ ಕಡಿಯಿತು. ಆಗ ಕೆಳಗಿನ ಕೋಣೆ ಸುಮ್ಮನಾಗಿ, ಆಮೇಲೆ ತನ್ನದೇ ಆದ ನಿಧಾನದ ಲಯದಲ್ಲಿ ಬಡಿಯತೊಡಗಿತು.

1880ರ ದಶಕದ ಆರಂಭದಲ್ಲಿ ಪ್ರಕಟವಾದ ಈ ಪ್ರಯೋಗಗಳಲ್ಲಿ, ಸ್ಟೋಕ್ಸ್ ಬರೆದಿಟ್ಟಿದ್ದ ಎರಡು ಲೆಕ್ಕಗಳಿಗೆ ಉತ್ತರವಿತ್ತು. ಕುತ್ತಿಗೆಯ ಅಭಿಧಮನಿ ಮೇಲಿನ ಕೋಣೆಯ ಬಡಿತವನ್ನು ತೋರಿಸುತ್ತದೆ, ಮಣಿಕಟ್ಟಿನ ನಾಡಿ ಕೆಳಗಿನ ಕೋಣೆಯದ್ದನ್ನು. ಡಬ್ಲಿನ್‌ನ ಆ ವೃದ್ಧನ ಹೃದಯದಲ್ಲಿ ಮೇಲಿನ ಮನೆ ಸರಿಯಾಗಿಯೇ ನಡೆಯುತ್ತಿತ್ತು. ಅಲ್ಲಿಂದ ಕೆಳಕ್ಕೆ ಸುದ್ದಿ ಹೋಗುತ್ತಿರಲಿಲ್ಲ.

ದಾರಿ ಹುಡುಕಿದವರು

ಸುದ್ದಿ ಹೋಗುವ ದಾರಿ ಯಾವುದು? ಮೇಲಿನ ಹೃತ್ಕರ್ಣಗಳಿಗೂ ಕೆಳಗಿನ ಹೃತ್ಕುಕ್ಷಿಗಳಿಗೂ ನಡುವೆ ಒಂದು ನಾರಿನ ಪದರವಿದೆ. ವಿದ್ಯುತ್ ಸಂಜ್ಞೆ ಅದನ್ನು ದಾಟಲಾರದು. 1893ರಲ್ಲಿ ಲೈಪ್‌ಜಿಗ್‌ನಲ್ಲಿದ್ದ ಯುವ ವೈದ್ಯ ವಿಲ್‌ಹೆಲ್ಮ್ ಹಿಸ್, ಆ ಪದರವನ್ನು ತೂರಿಕೊಂಡು ಮೇಲಿನಿಂದ ಕೆಳಕ್ಕೆ ಇಳಿಯುವ ಸ್ನಾಯುವಿನ ಒಂದು ತೆಳುವಾದ ಕಟ್ಟನ್ನು ವರ್ಣಿಸಿದರು. ಅದನ್ನು ಇಂದು ಹಿಸ್ ಬಂಡಲ್ ಎನ್ನುತ್ತಾರೆ.

ಪೂರ್ತಿ ನಕ್ಷೆ ಬರೆದವರು ಜಪಾನಿನ ಸುನಾವೊ ತವಾರಾ. ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಲುಡ್ವಿಗ್ ಆಶಾಫ್ ಅವರ ಪ್ರಯೋಗಾಲಯಕ್ಕೆ 1903ರಲ್ಲಿ ಬಂದ ಅವರು ಹೃದಯಗಳನ್ನು ತೆಳುವಾದ ಹೋಳುಗಳಾಗಿ ಕತ್ತರಿಸಿ, ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು, ಹೋಳಿನಿಂದ ಹೋಳಿಗೆ ಎಳೆಯ ಜಾಡು ಹಿಡಿದರು. ಹಿಸ್ ಕಂಡ ಕಟ್ಟಿನ ಮೇಲ್ತುದಿಯಲ್ಲಿ ಒಂದು ಗಂಟು ಇತ್ತು. ಅದೇ ಇಂದಿನ ಎವಿ ನೋಡ್. ಕೆಳತುದಿಯಲ್ಲಿ ಕಟ್ಟು ಎಡಕ್ಕೂ ಬಲಕ್ಕೂ ಕವಲೊಡೆದು, ಪುರ್ಕಿನ್ಯೆ ಎಂಬ ವಿಜ್ಞಾನಿ 1839ರಲ್ಲೇ ಕಂಡಿದ್ದ ಆದರೆ ಯಾತಕ್ಕೆಂದು ಯಾರಿಗೂ ತಿಳಿದಿರದ ಎಳೆಗಳಲ್ಲಿ ಸೇರುತ್ತಿತ್ತು. ತವಾರಾ ಇದೆಲ್ಲವನ್ನೂ 1906ರಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಆರ್ಥರ್ ಕೀತ್ ಮತ್ತು ಅವರ ವಿದ್ಯಾರ್ಥಿ ಮಾರ್ಟಿನ್ ಫ್ಲಾಕ್, ಬಡಿತ ಹುಟ್ಟುವ ತಾಣವಾದ ಸೈನಸ್ ನೋಡ್ ಬಗ್ಗೆ ಬರೆದರು.

ಹೀಗೆ ದಾರಿ ಸ್ಪಷ್ಟವಾಯಿತು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಸಂಜ್ಞೆ ಹೊರಡಿಸುತ್ತದೆ. ಹೃತ್ಕರ್ಣಗಳು ಸಂಕುಚಿಸುತ್ತವೆ. ಎವಿ ನೋಡ್ ಆ ಸಂಜ್ಞೆಯನ್ನು ಕ್ಷಣಕಾಲ ತಡೆದು ಕೆಳಕ್ಕೆ ಬಿಡುತ್ತದೆ. ಮೇಲಿನ ಕೋಣೆಗಳ ರಕ್ತ ಕೆಳಗಿಳಿಯಲು ಆ ತಡ ಬೇಕು. ಆಮೇಲೆ ಸಂಜ್ಞೆ ಹಿಸ್ ಕಟ್ಟು, ಕವಲುಗಳು, ಪುರ್ಕಿನ್ಯೆ ಎಳೆಗಳ ಮೂಲಕ ಹರಡಿ ಹೃತ್ಕುಕ್ಷಿಗಳು ಸಂಕುಚಿಸುತ್ತವೆ.

ಮೇಲಿನ ಸಂಜ್ಞೆ ಬಾರದಿದ್ದರೆ ಕೆಳಗಿನ ಹಂತಗಳಿಗೆ ತಾವೇ ಬಡಿತ ಹುಟ್ಟಿಸುವ ಶಕ್ತಿಯಿದೆ. ಆದರೆ ಕೆಳಕ್ಕೆ ಹೋದಷ್ಟೂ ಅದು ನಿಧಾನ. ಎವಿ ನೋಡ್‌ನ ಆಸುಪಾಸಿನಿಂದ ನಿಮಿಷಕ್ಕೆ 40ರಿಂದ 60, ಹೃತ್ಕುಕ್ಷಿಯಿಂದ 20ರಿಂದ 40. ಎಡಿನ್‌ಬರೊದ ಕಾರ್ಮಿಕನ 24, ಆಡಮ್ಸ್ ಕಂಡ 30, ಸ್ಟೋಕ್ಸ್ ಕಂಡ 28 ಎಲ್ಲವೂ ಇದೇ ಕೊನೆಯ ಸಾಲಿಗೆ ಸೇರುತ್ತವೆ. ಆ ವೈದ್ಯರು ಎಣಿಸಿದ್ದು ಮೇಲಿನಿಂದ ಆಜ್ಞೆ ಬಾರದ ಹೃತ್ಕುಕ್ಷಿ ತಾನಾಗಿಯೇ ಬಡಿದುಕೊಂಡು ಮನುಷ್ಯನನ್ನು ಉಳಿಸಿದ್ದ ಬಡಿತಗಳನ್ನು. ಈ ಆಪದ್ಧನ ಶುರುವಾಗಲು ತಡವಾದರೆ, ನಡುವೆ ಕೈಕೊಟ್ಟರೆ, ಮಿದುಳಿಗೆ ರಕ್ತ ನಿಲ್ಲುತ್ತದೆ. ಹತ್ತು ಸೆಕೆಂಡಿನಷ್ಟು ಹೊತ್ತು ನಿಂತರೆ ಎಚ್ಚರ ತಪ್ಪುತ್ತದೆ. ಇನ್ನೂ ಮುಂದುವರಿದರೆ ಕೈಕಾಲು ಅದುರುತ್ತವೆ, ನೋಡಿದವರಿಗೆ ಅಪಸ್ಮಾರದಂತೆ ಕಾಣುತ್ತದೆ. ತಲೆ ತಗ್ಗಿಸುತ್ತಿದ್ದ ಡಬ್ಲಿನ್‌ನ ವೃದ್ಧ, ಇದ್ದಷ್ಟು ರಕ್ತವನ್ನು ಮಿದುಳಿಗೆ ತಲುಪಿಸಿಕೊಳ್ಳುತ್ತಿದ್ದ.

ಗೆರೆಗಳನ್ನು ಓದುವುದು

ಎಲ್ಲ ಬ್ಲಾಕ್‌ಗಳೂ ಒಂದೇ ತೆರನಲ್ಲ ಎಂದು ತಿಳಿದದ್ದು ಬಡಿತವನ್ನು ಗೆರೆಯಾಗಿ ಬರೆದಿಡಲು ಕಲಿತ ಮೇಲೆ. ಡಚ್ ವೈದ್ಯ ಕಾರೆಲ್ ಫ್ರೆಡರಿಕ್ ವೆಂಕಿಬಾಕ್ 1899ರಲ್ಲಿ, ಇಸಿಜಿ ಬರುವ ಮೊದಲೇ, ಮಣಿಕಟ್ಟಿನ ನಾಡಿಯ ಗೆರೆಯನ್ನಷ್ಟೇ ಅಳೆದು ಒಂದು ಕ್ರಮವನ್ನು ಪತ್ತೆಮಾಡಿದರು. ಒಂದೊಂದು ಬಡಿತಕ್ಕೂ ಸಂಜ್ಞೆ ತಲುಪುವುದು ತುಸು ತುಸು ತಡವಾಗುತ್ತಾ ಹೋಗಿ, ಕೊನೆಗೊಂದು ಬಡಿತ ತಪ್ಪಿಹೋಗಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಇಂಗ್ಲೆಂಡಿನ ಬರ್ನ್‌ಲಿ ಪಟ್ಟಣದಲ್ಲಿ ಸಾಮಾನ್ಯ ವೈದ್ಯರಾಗಿದ್ದ ಜೇಮ್ಸ್ ಮೆಕೆಂಜಿ, ಕುತ್ತಿಗೆಯ ಮತ್ತು ಮಣಿಕಟ್ಟಿನ ಮಿಡಿತಗಳನ್ನು ಒಟ್ಟಿಗೆ ಕಾಗದದ ಮೇಲೆ ಬರೆಯುವ ಪಾಲಿಗ್ರಾಫ್ ಯಂತ್ರ ಮಾಡಿಸಿದರು. ಸ್ಟೋಕ್ಸ್ ಕಣ್ಣಿನಿಂದ ಹಾಕಿದ ಎರಡು ಲೆಕ್ಕಗಳು ಈಗ ಒಂದರ ಕೆಳಗೊಂದು ಗೆರೆಯಾಗಿ ಕಂಡವು.

ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂತೋವೆನ್ ಹೃದಯದ ವಿದ್ಯುತ್ತನ್ನೇ ನೇರವಾಗಿ ಅಳೆಯುವ ಗ್ಯಾಲ್ವನೋಮೀಟರ್ ಕಟ್ಟಿದ್ದರು. ಅದು ಎಷ್ಟು ಭಾರವೆಂದರೆ ಆಸ್ಪತ್ರೆಗೆ ಒಯ್ಯುವ ಹಾಗೇ ಇರಲಿಲ್ಲ. ಹಾಗಾಗಿ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ರೋಗಿಗಳ ಹೃದಯದ ಸಂಜ್ಞೆಯನ್ನು ತರಿಸಿಕೊಂಡರು. 1906ರಲ್ಲಿ ಅವರು ಪ್ರಕಟಿಸಿದ ಗೆರೆಗಳಲ್ಲಿ ಸಂಪೂರ್ಣ ಹಾರ್ಟ್ ಬ್ಲಾಕ್‌ನದೂ ಒಂದು. 1924ರಲ್ಲಿ ಐಂತೋವೆನ್ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಜರ್ಮನಿಯ ವೊಲ್ಡೆಮಾರ್ ಮೊಬಿಟ್ಸ್, ನಡುನಡುವೆ ಬಡಿತ ತಪ್ಪುವ ಬ್ಲಾಕ್‌ನಲ್ಲಿ ಎರಡು ಬಗೆಗಳನ್ನು ಗುರುತಿಸಿದರು.

ಇಂದಿನ ವರದಿಗಳಲ್ಲಿ ಬರುವ ಮೂರು ಡಿಗ್ರಿಗಳು ಇವರೆಲ್ಲರ ಕೊಡುಗೆ. ಮೊದಲ ಡಿಗ್ರಿಯಲ್ಲಿ ಪ್ರತಿ ಸಂಜ್ಞೆಯೂ ತಲುಪುತ್ತದೆ, ಆದರೆ 0.20 ಸೆಕೆಂಡಿಗಿಂತ ತಡವಾಗಿ. ಇದು ಅನೇಕರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ, ಕ್ರೀಡಾಪಟುಗಳಲ್ಲೂ ಕಾಣುತ್ತದೆ. ಎರಡನೆಯದರಲ್ಲಿ ಕೆಲವು ಸಂಜ್ಞೆಗಳು ತಪ್ಪುತ್ತವೆ. ವೆಂಕಿಬಾಕ್ ಕಂಡಂತೆ ನಿಧಾನಿಸಿ ತಪ್ಪುವುದು ಸಾಮಾನ್ಯವಾಗಿ ಸೌಮ್ಯ. ಯಾವ ಮುನ್ಸೂಚನೆಯೂ ಇಲ್ಲದೆ ತಪ್ಪುವ ಇನ್ನೊಂದು ಬಗೆ ಅಪಾಯಕಾರಿ, ಅದು ಸಂಪೂರ್ಣ ಬ್ಲಾಕ್ ಆಗಿ ಬದಲಾಗಬಹುದು. ಮೂರನೆಯದರಲ್ಲಿ ಒಂದು ಸಂಜ್ಞೆಯೂ ದಾಟುವುದಿಲ್ಲ. ಮುಂಬೈಯವರು ಭಾನುವಾರದ ಮೆಗಾ ಬ್ಲಾಕ್ ನೆನೆಸಿಕೊಂಡರೆ ಚಿತ್ರ ಸುಲಭ. ಎರಡು ನಿಲ್ದಾಣಗಳ ನಡುವೆ ಸಂಚಾರ ನಿಂತಿರುತ್ತದೆ, ಅದರ ಆಚೆ ಕೆಲವೇ ಕೆಲವು ಗಾಡಿಗಳು ತಮ್ಮ ಪಾಡಿಗೆ ಓಡುತ್ತಿರುತ್ತವೆ.

ಕಾರಣಗಳೂ ಹಲವು. ವಯಸ್ಸಾದಂತೆ ದಾರಿಯ ಎಳೆಗಳು ನಾರುಗಟ್ಟುವುದು ಬಹು ಸಾಮಾನ್ಯವಾದದ್ದು. ಹೃದಯಾಘಾತ, ಕೆಲವು ಸೋಂಕುಗಳು, ಬಡಿತ ಇಳಿಸುವ ಕೆಲವು ಮಾತ್ರೆಗಳು, ರಕ್ತದಲ್ಲಿ ಪೊಟ್ಯಾಸಿಯಂ ಏರುವುದು ಕೂಡ ಕಾರಣವಾಗಬಹುದು. ಕೆಲವು ಶಿಶುಗಳಿಗೆ ಹುಟ್ಟುವಾಗಲೇ ಬ್ಲಾಕ್ ಇರುತ್ತದೆ.

ಹೊಲಿಗೆಯ ಅಂಚಿನಲ್ಲಿ

ಕಾಯಿಲೆ ಅರ್ಥವಾಗಿದ್ದರೂ ಮದ್ದು ಇರಲಿಲ್ಲ. 1952ರಲ್ಲಿ ಬಾಸ್ಟನ್‌ನ ಪಾಲ್ ಜೋಲ್, ಎದೆಯ ಚರ್ಮದ ಮೇಲಿನಿಂದಲೇ ವಿದ್ಯುತ್ ಹಾಯಿಸಿ ಒಬ್ಬ ರೋಗಿಯ ಹೃದಯವನ್ನು 52 ಗಂಟೆ ನಡೆಸಿದರು. ಜೀವ ಉಳಿಯಿತು. ಆದರೆ ಪ್ರತಿ ಬಡಿತಕ್ಕೂ ಎದೆಗೆ ವಿದ್ಯುತ್ತಿನ ಹೊಡೆತ ಬೀಳುತ್ತಿತ್ತು, ಬಹುಕಾಲ ಸಹಿಸುವಂಥದಲ್ಲ.

ಆ ದಶಕದಲ್ಲೇ ಬ್ಲಾಕ್ ಹೊಸದೊಂದು ಜಾಗದಲ್ಲಿ ಕಾಣಿಸಿಕೊಂಡಿತು, ಆಪರೇಷನ್ ಕೋಣೆಯಲ್ಲಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಲ್ಟನ್ ಲಿಲ್ಲೆಹೈ, ಹುಟ್ಟಿನಿಂದಲೇ ಕೆಳಗಿನ ಕೋಣೆಗಳ ನಡುಗೋಡೆಯಲ್ಲಿ ತೂತಿದ್ದ ಮಕ್ಕಳ ಹೃದಯವನ್ನು ತೆರೆದು ಹೊಲಿಯತೊಡಗಿದ್ದರು. ಹಿಸ್ ಕಟ್ಟು ಹಾದುಹೋಗುವುದು ಆ ತೂತಿನ ಅಂಚಿನಲ್ಲೇ. ಸುತ್ತಲಿನ ಸ್ನಾಯುವಿನ ಬಣ್ಣದ್ದೇ ಆದ ಅದು ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಹೊಲಿಗೆಯ ಎಳೆ ಅದನ್ನು ಹಿಡಿದರೆ, ತೂತು ಮುಚ್ಚಿದ ಮಗುವಿಗೆ ಬ್ಲಾಕ್ ಬರುತ್ತಿತ್ತು. ಹತ್ತರಲ್ಲೊಂದು ಮಗುವಿಗೆ ಹೀಗಾಗುತ್ತಿತ್ತು, ಹಾಗಾದ ಮಕ್ಕಳು ಉಳಿಯುವುದು ದುಸ್ತರವಾಗಿತ್ತು. ಕೆಲವು ವಾರ ಕಾಪಾಡಿದರೆ ಊತ ಇಳಿದು ದಾರಿ ಮತ್ತೆ ತೆರೆಯುವುದೂ ಇತ್ತು. ಆ ಕೆಲವು ವಾರಗಳನ್ನು ದಾಟಿಸುವುದೇ ಪ್ರಶ್ನೆ.

1957ರ ಜನವರಿಯಲ್ಲಿ ಲಿಲ್ಲೆಹೈ ತಂಡ ಹೃದಯದ ಸ್ನಾಯುವಿಗೇ ಸಣ್ಣ ತಂತಿ ಹೊಲಿದು, ಹೊರಗಿನ ಯಂತ್ರದಿಂದ ಅಲ್ಪ ವಿದ್ಯುತ್ ಕೊಟ್ಟಿತು. ಹೊಡೆತದ ನೋವಿಲ್ಲದೆ ಹೃದಯ ಬಡಿಯಿತು. ಆದರೆ ಆ ಯಂತ್ರ ಗೋಡೆಯ ಪ್ಲಗ್‌ಗೆ ಕಟ್ಟಿಹಾಕಿದಂತಿತ್ತು. ವೈರ್ ಎಷ್ಟು ಉದ್ದವೋ ಮಗುವಿನ ಲೋಕ ಅಷ್ಟೇ. ಅದೇ ಅಕ್ಟೋಬರ್ 31ರಂದು ನಗರದಲ್ಲಿ ಕರೆಂಟ್ ಹೋಯಿತು. ಲಿಲ್ಲೆಹೈ, ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಇಂಜಿನಿಯರ್ ಅರ್ಲ್ ಬಾಕೆನ್ ಅವರನ್ನು ಬ್ಯಾಟರಿಯಿಂದ ನಡೆಯುವ ಯಂತ್ರ ಮಾಡಿಕೊಡಿ ಎಂದು ಕೇಳಿದರು. ಬಾಕೆನ್‌ಗೆ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ನೋಡಿದ್ದ, ಸಂಗೀತಗಾರರು ತಾಳಕ್ಕೆ ಬಳಸುವ ಮೆಟ್ರೊನೋಮ್‌ನ ಸರ್ಕ್ಯೂಟ್ ನೆನಪಾಯಿತು. ಅದರಿಂದ ನಾಲ್ಕೇ ವಾರದಲ್ಲಿ ಅಂಗೈಗೆ ಹಿಡಿಸುವ ಡಬ್ಬಿ ಸಿದ್ಧವಾಯಿತು. ಪ್ರಾಣಿಗಳ ಮೇಲೆ ಪರೀಕ್ಷಿಸಲೆಂದು ಕೊಟ್ಟುಹೋದ ಬಾಕೆನ್ ಮರುದಿನ ಬಂದು ನೋಡಿದರೆ, ಅದು ಆಗಲೇ ಒಂದು ಮಗುವಿನ ಹೃದಯವನ್ನು ನಡೆಸುತ್ತಿತ್ತು.

ಮುಂದಿನ ವರ್ಷ ಯಂತ್ರ ಮೈಯೊಳಗೆ ಹೋಯಿತು. ಸ್ವೀಡನ್ನಿನ ಆರ್ನೆ ಲಾರ್ಸನ್‌ಗೆ 43 ವರ್ಷ. ಸೋಂಕೊಂದರ ನಂತರ ಬ್ಲಾಕ್ ಆಗಿ, ದಿನಕ್ಕೆ ಇಪ್ಪತ್ತು ಮೂವತ್ತು ಸಲ ಎಚ್ಚರ ತಪ್ಪುತ್ತಿತ್ತು. ಪತ್ನಿ ಎಲ್ಸ್-ಮರಿ, ಶಸ್ತ್ರವೈದ್ಯ ಓಕೆ ಸೆನಿಂಗ್ ಮತ್ತು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿದ್ದರು. ಮನುಷ್ಯನಿಗೆ ಹಾಕುವಂಥದು ಇನ್ನೂ ಸಿದ್ಧವಾಗಿಲ್ಲ ಎಂದರೆ, ಹಾಗಾದರೆ ಸಿದ್ಧಮಾಡಿ ಎಂದು ಪಟ್ಟು ಹಿಡಿದರು. ಎಲ್ಮ್‌ಕ್ವಿಸ್ಟ್ ಬಿಡಿಭಾಗಗಳನ್ನು ಶೂ ಪಾಲಿಶ್ ಡಬ್ಬಿಯ ಅಚ್ಚಿನಲ್ಲಿಟ್ಟು ಎಪಾಕ್ಸಿ ಸುರಿದರು. 1958ರ ಅಕ್ಟೋಬರ್ 8ರಂದು ಸೆನಿಂಗ್ ಅದನ್ನು ಲಾರ್ಸನ್ ಮೈಯಲ್ಲಿ ಇಟ್ಟರು. ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು. ಎರಡನೆಯದನ್ನು ಹಾಕಿದರು, ಅದೂ ಬಹಳ ಕಾಲ ಬಾಳಲಿಲ್ಲ. ಬದುಕಿನುದ್ದಕ್ಕೂ ಲಾರ್ಸನ್ ಇಪ್ಪತ್ತಾರು ಪೇಸ್‌ಮೇಕರ್‌ಗಳನ್ನು ಕಂಡರು. 2001ರ ಡಿಸೆಂಬರ್‌ನಲ್ಲಿ, 86ನೆಯ ವಯಸ್ಸಿನಲ್ಲಿ, ಹೃದಯದ ತೊಂದರೆಯಿಂದಲ್ಲ, ಚರ್ಮದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಷ್ಟರಲ್ಲಿ ಎಲ್ಮ್‌ಕ್ವಿಸ್ಟ್ ಮತ್ತು ಸೆನಿಂಗ್ ಇಬ್ಬರೂ ಕಾಲವಾಗಿದ್ದರು.

ಇಂದು ಪೇಸ್‌ಮೇಕರ್ ಹಾಕುವುದು ದೊಡ್ಡ ಊರುಗಳಲ್ಲಿ ದಿನನಿತ್ಯದ ಕೆಲಸ. ಒಂದು ಬ್ಯಾಟರಿ ಹಲವು ವರ್ಷ ಬರುತ್ತದೆ. ತಂತಿಯೇ ಇಲ್ಲದ, ದೊಡ್ಡ ಮಾತ್ರೆಯಷ್ಟೇ ಗಾತ್ರದ ಯಂತ್ರಗಳೂ ಬಂದಿವೆ. ಈಗಲೂ ಕಷ್ಟವಾಗಿರುವುದು ಅದಕ್ಕಿಂತ ಮೊದಲಿನ ಹೆಜ್ಜೆ, ಬಿದ್ದದ್ದು ಹೃದಯದ ಕಾರಣಕ್ಕೆ ಎಂದು ಗುರುತಿಸುವುದು. ಬ್ಲಾಕ್ ಬಂದು ಹೋಗುವಂಥದ್ದಾದರೆ ಆಸ್ಪತ್ರೆ ತಲುಪುವ ಹೊತ್ತಿಗೆ ಇಸಿಜಿ ಸರಿಯಾಗಿಯೇ ಇರಬಹುದು. ಅದಕ್ಕೇ ಇಡೀ ದಿನ ಮೈಗೆ ಕಟ್ಟಿ ಗೆರೆ ಬರೆಸುವ ಹೋಲ್ಟರ್ ಬೇಕಾಗುತ್ತದೆ. ಅದನ್ನು ಮಾಡಿಸಬೇಕೆಂಬ ಯೋಚನೆ ಬರುವುದು, ಬಿದ್ದಾಗ ಹತ್ತಿರವಿದ್ದವರು ಏನು ಕಂಡರು ಎಂಬುದರಿಂದ. ಮುಖ ಬಿಳಿಚಿ ಬಿದ್ದು, ಸ್ವಲ್ಪದರಲ್ಲೇ ಮುಖ ಕೆಂಪೇರಿ ಎದ್ದರೆ, ಗೊಂದಲವಿಲ್ಲದೆ ಮಾತಾಡಿದರೆ, ವೈದ್ಯರಿಗೆ ಅದು ಮುಖ್ಯವಾದ ಸುಳಿವು.

ಊರಿನಲ್ಲಿ ವಯಸ್ಸಾದ ತಂದೆ ತಾಯಿ ಇರುವವರಿಗೆ "ಅಮ್ಮ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು, ಈಗ ಆರಾಮಾಗಿದ್ದಾರೆ" ಎಂಬ ಫೋನ್ ಹೊಸದಲ್ಲ. ಪಿತ್ತ, ಬಿಸಿಲು, ಉಪವಾಸ ಎಂದು ಮಾತು ಅಲ್ಲಿಗೇ ಮುಗಿಯುವುದೂ ಹೊಸದಲ್ಲ. ಅದು ನಿಜವೂ ಇರಬಹುದು. ಆದರೂ ಫೋನ್ ಇಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ, ಅದಕ್ಕೆ ಯಾವ ಯಂತ್ರವೂ ಬೇಡ: ನಾಡಿ ಎಷ್ಟಿತ್ತು? ಪಕ್ಕದ ಮನೆಯವರಾದರೂ ಒಂದು ನಿಮಿಷ ಎಣಿಸಿ ಹೇಳಬಹುದು. ನಲವತ್ತಕ್ಕಿಂತ ಕಡಿಮೆ ಎಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಸರಿಯಾಗಿಯೇ ಇದೆ ಎಂದರೂ, ಎಚ್ಚರ ತಪ್ಪಿ ಬಿದ್ದವರಿಗೆ ಇಸಿಜಿ ಮಾಡಿಸುವುದನ್ನು ಮರೆಯಬಾರದು.